ಹುಷಾರಿಲ್ಲ ಎಂದು ಹೇಳಿ ಕಳಿಸಿದ್ದು

ಬಿಳಿಚೋಡಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ದುರುಗಕ್ಕನಿಗೆ ‘ಹುಷಾರಿಲ್ಲ’ ಎಂಬ ಮಾತು ಕೇಳಿದರೆ ಆಗದು. ಯಾವ ಹುಡುಗಿಯಾದರೂ ಹಾಗೆಂದು ರಜೆ ಚೀಟಿ ತಂದರೆ ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಏನಾಗೈತೆ ಅಂತ ಬಿಡಿಸಿ ಹೇಳು. ಜ್ವರಾನಾ, ಭೇದಿನಾ?” ಎಂದು ದಬಾಯಿಸುತ್ತಾಳೆ. ಹೊಸದಾಗಿ ಬಂದ ಕೆಂಚೇಶ್ ಮೇಷ್ಟ್ರಿಗೆ ಇದು ತಮಾಷೆ. ಊರಿನ ಹಳಬರು ಮಾತ್ರ ನಗುವುದಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಅವಳ ಗಂಡ ತಿಪ್ಪೇಶಪ್ಪ ಕುರಿ ಹೊಡೆದುಕೊಂಡು ನ್ಯಾಮತಿ ಕಡೆ ಹೋಗಿದ್ದ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವುದು ಅವನ ಪ್ರತಿ ವರ್ಷದ ಕೆಲಸ. ಇತ್ತ ಆರು ವರ್ಷದ ಮಗಳು ಶೈಲಾ ಎರಡೇ ದಿನದ ಜ್ವರಕ್ಕೆ ತೀರಿಕೊಂಡಳು.

ನಮ್ಮ ಕಡೆ ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ‘ಹುಷಾರಿಲ್ಲ, ಬಾ’ ಎನ್ನುತ್ತಾರೆ. ಕೇಳಿದವನು ಅರ್ಥ ಮಾಡಿಕೊಂಡು ಸಿಕ್ಕಿದ ಬಸ್ಸು ಹತ್ತುತ್ತಾನೆ. ದುರುಗಕ್ಕನೂ ತಮ್ಮ ವೆಂಕಟೇಶನಿಗೆ ಹಾಗೇ ಹೇಳಿಕೊಟ್ಟಳು. “ಹೋತು ಅನ್ನಬ್ಯಾಡ ಕಣೋ. ಒಬ್ರೇ ಬರಬೇಕು, ದಾರ್ಯಾಗೆ ಎದೆ ಒಡ್ಕಂತಾರೆ.” ತಿಪ್ಪೇಶಪ್ಪ ಬೀಡಿ ಕೊಳ್ಳುತ್ತಿದ್ದ ನ್ಯಾಮತಿಯ ಅಂಗಡಿಗೆ ವೆಂಕಟೇಶ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. ಅಂಗಡಿಯವರು ‘ಮಗಳಿಗೆ ಹುಷಾರಿಲ್ಲ, ಬಾ’ ಎಂಬ ಮಾತನ್ನಷ್ಟೇ ಮುಟ್ಟಿಸಿದರು.

ತಿಪ್ಪೇಶಪ್ಪ ಹಸುವಿನಂಥ ಮನುಷ್ಯ, ಹೇಳಿದ್ದನ್ನು ಹೇಳಿದಂತೆಯೇ ನಂಬಿಬಿಟ್ಟ. ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ ಅಂದುಕೊಂಡ. ನಿಧಾನವಾಗಿ ಕುರಿಗಳನ್ನು ಜೊತೆಗಾರನಿಗೆ ಒಪ್ಪಿಸಿ, ಸಂತೆಯಲ್ಲಿ ಬಳೆ ಕೊಂಡು, ನಾಲ್ಕನೆಯ ದಿನ ಬಂದ. ಊರವರು ಒಂದು ಹಗಲು ಕಾದು ಮಗುವನ್ನು ಮಣ್ಣು ಮಾಡಿ ಮುಗಿಸಿದ್ದರು. “ಶೈಲೂ, ಏನ್ ತಂದೀನಿ ನೋಡು ಬಾ” ಎಂದು ಬೀದಿಯ ತುದಿಯಿಂದಲೇ ಅವನು ಕೂಗಿದ ಕೂಗು ದುರುಗಕ್ಕನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಗಂಡ ಮಗಳ ಮುಖವನ್ನು ಕೊನೆಯ ಸಲ ನೋಡದಂತೆ ತಾನೇ ಮಾಡಿದೆ ಎಂಬ ಸಂಕಟ ಅವಳದು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಆ ಪುಣ್ಯಾತ್ಮ ಒಂದು ದಿನವೂ ಆ ಮಾತೆತ್ತಲಿಲ್ಲ. ಕೇಳಲು ಇವಳಿಗೂ ಧೈರ್ಯ ಬರಲಿಲ್ಲ.

ಕಳೆದ ಮಾಘದಲ್ಲಿ ಕೆಂಚೇಶ್ ಮೇಷ್ಟ್ರು ಎಲ್ಲಿಂದಲೋ ಒಂದು ಟೆಲಿಸ್ಕೋಪ್ ತಂದು, ಸಂಜೆ ಕತ್ತಲಾಗುತ್ತಲೇ ಶಾಲೆಯ ಬಯಲಿನಲ್ಲಿ ನಿಲ್ಲಿಸಿದರು. ಮಂಡಕ್ಕಿ ಹಂಚಲು ಬಂದಿದ್ದ ದುರುಗಕ್ಕ, ಅವಳನ್ನು ಕರೆದೊಯ್ಯಲು ಬಂದ ತಿಪ್ಪೇಶಪ್ಪ, ಇಬ್ಬರೂ ಮಕ್ಕಳ ಹಿಂದೆ ಸಾಲಿನಲ್ಲಿ ನಿಂತರು.

“ಇದು ಆರಿದ್ರಾ ಚುಕ್ಕೆ, ಅಜ್ಜಾ.”

“ಅದರ ಮಳೆ ಗೊತ್ತು ಸಾಮಿ. ಮಖ ಇವತ್ತೇ ನೋಡಿದ್ದು.”

ಮೇಷ್ಟ್ರು ನಕ್ಕರು. “ಈಗ ಕಾಣಾದು ಈಗಿನ ಬೆಳಕಲ್ಲ. ಅಲ್ಲಿಂದ ಹೊರಟು ಐದಾರು ನೂರು ವರ್ಷ ಆಗೈತೆ. ದೂರ ನೋಡಿದಷ್ಟೂ ನಾವು ನೋಡಾದು ಹಿಂದಿನ ಕಾಲಾನ. ಆ ಚುಕ್ಕೆ ಇನ್ನೂ ಐತೋ, ಸತ್ತೈತೋ, ಹೇಳಾಕೆ ಆಗಲ್ಲ.”

ತಿಪ್ಪೇಶಪ್ಪ ಕಣ್ಣು ತೆಗೆಯಲಿಲ್ಲ. “ಸತ್ತಿದ್ರೂ ನಮ್ಮ ಪಾಲಿಗೆ ಬದುಕೇ ಐತೆ ಅನ್ರಿ.”

“ಸುದ್ದಿ ಮುಟ್ಟಾ ತನಕ ಹಂಗೇ, ಅಜ್ಜಾ.”

ದುರುಗಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ತನ್ನ ಸರದಿಯನ್ನೂ ಬಿಟ್ಟು ಬುಟ್ಟಿ ಎತ್ತಿಕೊಂಡು ಹೊರಟಳು. ಗಂಡ ಹಿಂದೆಯೇ ಬಂದ. ಮನೆಯ ತಿರುವಿನಲ್ಲಿ ಅವಳು ನಿಂತು, ಅವನ ಮುಖ ನೋಡದೆಯೇ ಹೇಳಿಬಿಟ್ಟಳು: “ಅವತ್ತು ಸುಳ್ಳು ಹೇಳಿ ಕಳ್ಸಿದ್ದು ನಾನು. ಮಗಳ ಮಖ ತಪ್ಪಿಸಿದ್ದೂ ನಾನೇ. ಒಂದ್ಸಾರಿನಾರ ಬೈದ್ಬಿಡ್ರಿ.”

ತಿಪ್ಪೇಶಪ್ಪ ಅವಳ ಕೈಯಿಂದ ಬುಟ್ಟಿ ಇಸಿದುಕೊಂಡ.

“ಬಸ್ಸಿನಾಗೆ ಪಕ್ಕದೋನಿಗೆ ಅವಳ ಮಾತೇ ಹೇಳ್ಕಂತ ಬಂದೆ. ಶಾಲಿಗೆ ಸೇರಿಸಬೇಕು ಅಂದೆ. ನಾಕು ದಿನ ನನ್ನ ಮಗಳು ಬದುಕೇ ಇದ್ಳು, ದುರುಗಿ” ಎಂದ. “ನಿನ್ನ ಪಾಲಿಗೆ ಮೊದಲನೇ ದಿನಾನೇ ಸತ್ಲು.”