ಹಳದಿ ಹೊಳೆಯ ಊರಲ್ಲಿ ಹನ್ನೊಂದು ಮೊಣಕಾಲು

ಆಗ ನಾನು ದುಬೈಯ ಕರಾಮದಲ್ಲಿ ಒಂದು ಸಣ್ಣ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್. ಬರುತ್ತಿದ್ದವರಲ್ಲಿ ಹೆಚ್ಚಿನವರು ಸೊಂಟ ಹಿಡಿದ ಟ್ಯಾಕ್ಸಿ ಡ್ರೈವರುಗಳು, ಕುತ್ತಿಗೆ ಹಿಡಿದ ಆಫೀಸಿನವರು. ಒಂದು ದಿನ ಚೀನಾದ ಹೆಂಗಸೊಬ್ಬಳು ಬಂದಳು. ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಪಕ್ಕದ ಚೀನೀ ಮಾರುಕಟ್ಟೆಯಲ್ಲಿ ಆಕೆಗೆ ಬಾಗಿಲ ಹಿಡಿಕೆಗಳ ಅಂಗಡಿ ಇತ್ತು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ದೀದಿ, ಹಾತ್ ಊಪರ್ ಮಾಫಿ," ಎಂದಳು.

ಗಿರಾಕಿಗಳಿಂದ ಕಲಿತ ಹಿಂದಿ, ಅದರ ತುದಿಗೆ ದುಬೈಯ ಅರಬ್ಬಿ. ಕೈ ಮೇಲಕ್ಕೆ ಹೋಗುವುದಿಲ್ಲ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಬರೆದ ಡಾಕ್ಟರರ ಚೀಟಿಯನ್ನು ನಾನು ಈವರೆಗೂ ಕಂಡಿಲ್ಲ.

ವಾರಕ್ಕೆ ಎರಡು ಸಲ ಬರತೊಡಗಿದಳು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಜೇಡರಹುಳದ ಹಾಗೆ ಒಂದೊಂದೇ ಅಂಗುಲ ಮೇಲೆ ಹತ್ತಿಸುವುದು ಆಕೆಯ ವ್ಯಾಯಾಮ. ನೋವಿಗೆ ಕಣ್ಣಲ್ಲಿ ನೀರು ಬಂದರೂ "ಔರ್ ಏಕ್, ಔರ್ ಏಕ್" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಹೊತ್ತಿಗೆ ಮೊದಲೇ ಬಂದಾಗ ನಾನು ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ವಿಜಯಪುರದವಳು ನಾನು; ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಬಾ ಎಂದು ಒಂದು ತುಣುಕು ಮುರಿದು ಕೊಟ್ಟೆ. ತಿನ್ನುವ ಮೊದಲು ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ನನ್ನ ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ಎಡಗೈಯಲ್ಲಿ ಒಂದು ದಂಟು, ಉದ್ದ ಎಲೆ, ತುದಿಯಲ್ಲಿ ತುಂಬಿದ ತೆನೆ ಬರೆದಳು.

"ಹೌದು, ಇದ!" ಎಂದು ಕೂಗಿದೆ. ಜೋಳದ ತೆನೆಯನ್ನು ಯಾರು ಯಾವ ಕೈಯಲ್ಲಿ ಬರೆದರೂ ನನಗೆ ಗುರುತು ಸಿಕ್ಕೇ ಸಿಗುತ್ತದೆ.

"ಮೇರಾ ಗಾಂವ್," ಎಂದು ತೆನೆಯ ಪಕ್ಕ ಒಂದು ಹೊಳೆ, ಹೊಳೆಯ ಪಕ್ಕ ಗುಡ್ಡ, ಗುಡ್ಡದಲ್ಲಿ ಕಮಾನಿನ ಬಾಗಿಲುಗಳನ್ನು ಬರೆದಳು. ಕೆಳಗೆ ಚೀನೀ ಲಿಪಿಯಲ್ಲಿ ಎರಡು ಅಕ್ಷರ. ಅದು ಊರಿನ ಹೆಸರು. "ತುಮ್ ಜಾವ್. ಮೇರಾ ಭಾಭಿ ಹೈ."

ಆ ಚೀಟಿಯನ್ನು ನನ್ನ ಗೆಳತಿ ನೋಡದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾವಿಬ್ಬರೂ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದೆವು. ಅಲ್ಲಿ ಕಟ್ಟಡಗಳ ಗುಂಪಿಗೆ ಒಂದೊಂದು ದೇಶದ ಹೆಸರು, ನಮ್ಮದು ಇಂಗ್ಲೆಂಡ್. ಗೆಳತಿ ಉಡುಪಿ ಕಡೆಯವಳು, ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕಾಗದಪತ್ರ ನೋಡುವ ಕೆಲಸ. ದಿನವಿಡೀ ಡಬ್ಬಗಳನ್ನು ಎಲ್ಲೆಲ್ಲಿಗೋ ಕಳಿಸಿ, ತಾನು ಮಾತ್ರ ಅದೇ ಬಸ್ಸಿನಲ್ಲಿ ಮನೆಗೆ ಬರುವುದು ಅವಳಿಗೆ ಬೇಸರ ತಂದಿತ್ತು.

"ಹೋಗುವ ಮಾರಾಯ್ತಿ," ಎಂದಳು.

"ಎಲ್ಲಿಗೆ?"

"ಇಲ್ಲಿಗೇ. ಈ ಎರಡು ಅಕ್ಷರಕ್ಕೆ."

ಗಲ್ಫಿನಲ್ಲಿರುವವರಿಗೆ ರಜೆ ಎಂದರೆ ಊರು. ಸೂಟ್‌ಕೇಸ್ ತುಂಬ ಚಾಕೊಲೇಟು, ಹಾಲಿನ ಪುಡಿ ತುಂಬಿಕೊಂಡು ಹೋಗಿ, ಚಟ್ನಿಪುಡಿ ತುಂಬಿಕೊಂಡು ಬರುವುದು. ಒಂಬತ್ತು ವರ್ಷದಲ್ಲಿ ನಾನು ಬೇರೆಲ್ಲಿಗೂ ಹೋದವಳಲ್ಲ. ಅವ್ವನಿಗೆ ಫೋನ್ ಮಾಡಿದೆ.

"ಚೀನಾಕ್ಕ? ಅಲ್ಲಿ ನಮ್ಮವರು ಯಾರದಾರ?"

"ಯಾರೂ ಇಲ್ಲವ್ವಾ."

"ಮತ್ತ ಯಾರ ಮನೀಗೆ ಹೊಂಟಿ?"

"ಪೇಷಂಟ್ ಮನೀಗೆ."

ಅವ್ವನಿಗೆ ಅಷ್ಟು ಸಾಕಾಯಿತು. "ಹಂಗಾರ ಹೋಗು. ಬರಿಗೈಲೆ ಹೋಗಬ್ಯಾಡ."

ಬರಿಗೈಯಲ್ಲಿ ಹೋಗುವ ಪ್ರಶ್ನೆಯೇ ಬರಲಿಲ್ಲ. ನಾವು ಹೊರಡುವುದು ಖಚಿತವಾದ ಕೂಡಲೇ ಅಂಗಡಿಯಾಕೆ ಊರಲ್ಲಿರುವ ತನ್ನ ಅತ್ತಿಗೆಗೆಂದು ಮೂರು ಕಿಲೋ ಖರ್ಜೂರ ತಂದಳು. ಜೊತೆಗೆ ಆರು ಜೋಡಿ ಬಾಗಿಲ ಹಿಡಿಕೆ. ಅತ್ತಿಗೆ ಮನೆಯಲ್ಲಿ ನಾಲ್ಕು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾಳಂತೆ, ಅವು ಚಂದ ಕಾಣಬೇಕಂತೆ. ಚೀನಾದಲ್ಲಿ ತಯಾರಾಗಿ, ಹಡಗಿನಲ್ಲಿ ದುಬೈಗೆ ಬಂದ ಹಿಡಿಕೆಗಳನ್ನು ನಾನು ಬೆನ್ನ ಮೇಲೆ ಹೊತ್ತು ಮತ್ತೆ ಚೀನಾಕ್ಕೆ ಒಯ್ಯಬೇಕಾಯಿತು. ನನ್ನ ಚೀಲದಲ್ಲಿ ಉಳಿದ ಜಾಗಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಗೆಳತಿ ಎರಡು ಅಂಗಿ, ಒಂದು ಟವೆಲ್ ಹಾಕಿಕೊಂಡು, ಸತ್ವಾ ಬಡಾವಣೆಯ ದರ್ಜಿಯ ಹತ್ತಿರ ಚೀಲದ ಪಟ್ಟಿಗೆ ದಪ್ಪ ಹೊಲಿಗೆ ಹಾಕಿಸಿಕೊಂಡು ಹಗುರಾಗಿ ನಿಂತಳು.

ಆ ವರ್ಷ ಈದ್ ರಜೆಯೂ ಚೀನಾದವರ ದೊಡ್ಡ ರಜೆಯೂ ಒಂದೇ ವಾರಕ್ಕೆ ಬಿದ್ದಿದ್ದವು. ಅದು ನಮಗೆ ಗೊತ್ತಾದದ್ದು ವಿಮಾನದಿಂದ ಇಳಿದ ಗುವಾಂಗ್‌ಜೌ ನಗರದ ರೈಲು ನಿಲ್ದಾಣದಲ್ಲಿ. ಇಡೀ ದೇಶವೇ ಗಂಟುಮೂಟೆ ಕಟ್ಟಿಕೊಂಡು ಅಲ್ಲಿ ಬಂದು ನಿಂತ ಹಾಗಿತ್ತು. ಉತ್ತರಕ್ಕೆ ಒಂದು ಹಗಲು ಒಂದು ರಾತ್ರಿಗೂ ಮೀರಿದ ಪ್ರಯಾಣ. ಮಲಗುವ ಜಾಗವಿರಲಿ, ಕೂರುವ ಜಾಗವೂ ಇಲ್ಲ. ಸಿಕ್ಕಿದ್ದು ನಿಂತುಕೊಂಡು ಹೋಗುವ ಟಿಕೆಟ್.

"ವಾಪಸ್ ಹೋಗೂಣೇನ?" ಎಂದೆ.

"ಎಂತ ಹೆದರಿಕೆ? ಊರಿಗೆ ಹೋಗುವ ಬಸ್ಸಲ್ಲಿ ನಾವು ನಿಂತಿಲ್ವಾ?"

ಬೋಗಿಯ ತುದಿಯಲ್ಲಿ ಕೈತೊಳೆಯುವ ಜಾಗದ ಹತ್ತಿರ ಚೀಲಗಳ ಮೇಲೆ ಕೂತೆವು. ಹಿಡಿಕೆಗಳು ಚುಚ್ಚುತ್ತಿದ್ದವು. ಎರಡು ಗಂಟೆ ಕಳೆಯುವುದರೊಳಗೆ ಒಬ್ಬ ಮುದುಕಿ ಎದ್ದು ಬಂದು ನನ್ನ ತೋಳು ಹಿಡಿದು ತನ್ನ ಸೀಟಿನಲ್ಲಿ ಕೂರಿಸಿ, ತಾನು ಸೊಂಟಕ್ಕೆ ಕೈಕೊಟ್ಟು ನಿಂತಳು. ಆಕೆಗೆ ಕೂತು ಸಾಕಾಗಿತ್ತಂತೆ. ಅಲ್ಲಿಂದ ಸರತಿ ಶುರುವಾಯಿತು: ಅರ್ಧ ಗಂಟೆ ಅವರು, ಅರ್ಧ ಗಂಟೆ ನಾವು. ನಾನು ಕಡಕ್ ರೊಟ್ಟಿ ಹಂಚಿದೆ. ಫಳಾರ್ ಎಂದು ಮುರಿಯುವ ಸದ್ದಿಗೆ ಆ ಕಡೆಯ ಸೀಟಿನವರೂ ಕತ್ತೆತ್ತಿದರು. ಶೇಂಗಾ ಚಟ್ನಿ ಮುಟ್ಟಿದ ಒಬ್ಬ ಗಂಡಸು ಕಿವಿಯವರೆಗೆ ಕೆಂಪಾಗಿ, ಬಿಸಿನೀರು ಕುಡಿದು, ಮತ್ತೆ ಕೈ ಚಾಚಿದ.

ಉತ್ತರದ ತೈಯುವಾನ್ ನಗರದಲ್ಲಿ ಇಳಿದು ಒಂದು ದೊಡ್ಡ ಬಸ್ಸು, ಆಮೇಲೆ ಒಂದು ಸಣ್ಣ ಬಸ್ಸು. ಊರಿನ ಹೆಸರನ್ನು ನಾನು ಒಂದು ಬಗೆಯಲ್ಲಿ, ಗೆಳತಿ ಇನ್ನೊಂದು ಬಗೆಯಲ್ಲಿ ಹೇಳುತ್ತಿದ್ದೆವು. ಎರಡೂ ಯಾರಿಗೂ ತಿಳಿಯದೆ ಚೀಟಿಯನ್ನೇ ತೋರಿಸುತ್ತಿದ್ದೆವು. ಗುಡ್ಡಗಳೆಲ್ಲ ಅರಿಸಿನ ಕಲಸಿದ ಮಣ್ಣಿನವು. ತಿರುವಿನಲ್ಲಿ ಬಸ್ಸು ವಾಲಿದಾಗ ಕಿಟಕಿಯ ಹೊರಗೆ ಒಮ್ಮೆಲೇ ಕಂಡಿತು. ಇಡೀ ಇಳಿಜಾರಿನ ತುಂಬ ಕೆಂಪು ತೆನೆ.

"ಜ್ವಾಳ! ಜ್ವಾಳ! ನಿಲ್ಲಸ್ರೀ!"

ಶುದ್ಧ ವಿಜಯಪುರದ ಕನ್ನಡದಲ್ಲಿ ಕೂಗಿದ್ದೆ. ಡ್ರೈವರ್ ಗಾಬರಿಯಾಗಿ ನಿಲ್ಲಿಸಿದ. ನಾನು ಜಿಗಿದು ಹೊಲಕ್ಕೆ ಓಡಿದೆ. ಹಿಂದಿನಿಂದ ಹೆಂಗಸರು ಏನೋ ಹೇಳುತ್ತ, ಇನ್ನೂ ಒಳಗೆ ಹೋಗು, ಮರೆಯಿದೆ ಎಂದು ಕೈಸನ್ನೆ ಮಾಡುತ್ತಿದ್ದರು. ಗಂಡಸರೆಲ್ಲ ಮರ್ಯಾದೆಯಿಂದ ಇನ್ನೊಂದು ಕಡೆಯ ಕಿಟಕಿಗೆ ತಿರುಗಿ ಕೂತರು. ನಾನು ತೆನೆ ಹಿಡಿದು, ನಾಲ್ಕು ಕಾಳು ಉಜ್ಜಿ ಬಾಯಿಗೆ ಹಾಕಿಕೊಂಡೆ. ನಮ್ಮ ಬಿಳಿಜೋಳದ ಸಿಹಿಯಿಲ್ಲ, ನಾಲಗೆ ಒಗರಾಯಿತು. ಆದರೆ ಎಲೆಯ ಅಂಚು ಅಂಗೈ ಕೊಯ್ಯುವ ರೀತಿ ಅದೇ. ವಾಪಸ್ ಬಂದು ಕೂತಾಗ ಪಕ್ಕದ ಹೆಂಗಸು ಸಮಾಧಾನವಾಯಿತೇ ಎನ್ನುವಂತೆ ನನ್ನ ತೊಡೆ ತಟ್ಟಿದಳು. ಗೆಳತಿ ನಕ್ಕು ನಕ್ಕು ಸೀಟಿನಿಂದ ಜಾರಿದ್ದಳು.

ಊರು ಹಳದಿ ಹೊಳೆಯ ದಂಡೆಯಲ್ಲಿತ್ತು. ಹೊಳೆಯ ನೀರು ನಿಜವಾಗಿಯೂ ಚಹಾಕ್ಕೆ ಹಾಲು ಹೆಚ್ಚಾದ ಬಣ್ಣ. ಹಿಂದೆ ದೋಣಿಗಳು ಇಲ್ಲಿ ಸರಕು ಇಳಿಸಿ, ಒಂಟೆ ಹೇಸರಗತ್ತೆಗಳು ಮುಂದಕ್ಕೆ ಹೊರುತ್ತಿದ್ದವಂತೆ. ಈಗ ಕಲ್ಲುಹಾಸಿನ ಓಣಿ, ಬಣ್ಣ ಹಾರಿದ ಮರದ ಅಂಗಡಿ ಬಾಗಿಲುಗಳು, ಗುಡ್ಡ ಕೊರೆದು ಒಂದರ ಮೇಲೊಂದು ಮಾಡಿದ ಕಮಾನಿನ ಮನೆಗಳು. ಒಂದು ಮನೆಯ ಚಾವಣಿಯೇ ಮೇಲಿನವರ ಅಂಗಳ.

ಅತ್ತಿಗೆ ಬಸ್ಸಿನ ಹತ್ತಿರವೇ ಬಂದು ನಿಂತಿದ್ದಳು. ಐವತ್ತೈದರ ಗಟ್ಟಿ ಹೆಂಗಸು. ನನ್ನ ಚೀಲ ಕಸಿದುಕೊಂಡು ಮುಂದೆ ನಡೆದಳು. ಅವಳ ಅಂಗಳಕ್ಕೆ ಕಾಲಿಟ್ಟಾಗ ಅಲ್ಲಿ ಬೆಂಚು, ಮಣೆ, ಬೋರಲು ಹಾಕಿದ ಬುಟ್ಟಿಗಳ ಮೇಲೆ ಏಳು ಜನ ಮುದುಕ ಮುದುಕಿಯರು ಸಾಲಾಗಿ ಕೂತಿದ್ದರು. ಎಲ್ಲರೂ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ್ದರು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ನನ್ನ ಪೇಷಂಟ್ ದುಬೈಯಿಂದ ಫೋನ್ ಮಾಡಿ, ದೊಡ್ಡ ಡಾಕ್ಟರ್ ಬರುತ್ತಿದ್ದಾಳೆ ಎಂದು ಹೇಳಿಬಿಟ್ಟಿದ್ದಳು.

"ನಾ ಡಾಕ್ಟರ್ ಅಲ್ಲ," ಎಂದು ಗೆಳತಿಗೆ ಹೇಳಿದೆ. "ಇವರಿಗೆ ಹೆಂಗ ಹೇಳೂದು? ಏನಾರ ಹೆಚ್ಚು ಕಡಿಮಿ ಆದ್ರ?"

"ನಿನಗೆ ಮೊಣಗಂಟಿನ ಕೆಲಸ ಗೊತ್ತುಂಟಲ್ಲ? ಗೊತ್ತಿದ್ದಷ್ಟು ಮಾಡು. ಅವರು ಪಾಪ ಬೆಳಿಗ್ಗೆಯಿಂದ ಕೂತಿದ್ದಾರೆ ಕಾಣ್ತದೆ."

ಮುಖ ತೊಳೆದು ಶುರು ಮಾಡಿದೆ. ಮೊದಲನೆಯವನು ಎತ್ತರದ ಮುದುಕ, ಹಿಂದೆ ಅಂಬಿಗನಾಗಿದ್ದವನು. ಮೊಣಕಾಲು ಮಡಚಿದರೆ ಕಲ್ಲು ಅರೆದ ಸದ್ದು. ಗೆಳತಿ ದುಭಾಷಿಯಾದಳು. ಅವಳಿಗೆ ಚೀನೀ ಬಾರದು. ಆದರೆ ನೋವಿಗೆ 'ಥಂಗ್' ಎನ್ನುತ್ತಾರೆಂದು ಐದೇ ನಿಮಿಷದಲ್ಲಿ ಹಿಡಿದುಕೊಂಡಳು. ನಾನು ಒತ್ತಿದ ಕಡೆಯೆಲ್ಲ ಅವಳು "ಥಂಗ್?" ಎಂದು ಕೇಳುತ್ತ ತನ್ನ ಮುಖವನ್ನೇ ಹಿಂಡಿ ತೋರಿಸುವಳು. ಮುದುಕ ಹೌದೆಂದರೆ ಅವಳೂ "ಅಯ್ಯೋ ದೇವರೇ" ಎಂದು ಜೊತೆಗೆ ನರಳುವಳು. ಅಂಗಳದ ತುಂಬ ನಗು. ಸಂಜೆಯ ಹೊತ್ತಿಗೆ ಅವಳು ಲೆಕ್ಕ ಒಪ್ಪಿಸಿದಳು: ಏಳು ಜನ, ಹನ್ನೊಂದು ಮೊಣಕಾಲು. ಮೂವರಿಗೆ ಒಂದೊಂದೇ ಕೆಟ್ಟಿದ್ದವು.

ಔಷಧಿ ಕೊಡಲಿಲ್ಲ, ಕೊಡುವವಳೂ ನಾನಲ್ಲ. ಬುಟ್ಟಿಯ ಮೇಲೆ ಕೂತು ಕಾಲು ಚಾಚಿ ಹಿಡಿಯುವುದು, ಇಟ್ಟಿಗೆ ಬಿಸಿಮಾಡಿ ಬಟ್ಟೆಯಲ್ಲಿ ಸುತ್ತಿ ಶಾಖ ಕೊಡುವುದು, ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು ಎಂಬುದು. ಅಷ್ಟೇ. ಆ ಊರಿನಲ್ಲಿ ಮೆಟ್ಟಿಲಿಲ್ಲದ ಮನೆಯೇ ಇಲ್ಲ. ಮರುದಿನ ಹೆಗಲಿನವರೂ ಬಂದರು. ಅವರನ್ನು ಅಂಗಳದ ಕಲ್ಲುಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಐದು ಮುದುಕಿಯರು ಗೋಡೆಯ ಮೇಲೆ ಬೆರಳು ಹತ್ತಿಸುತ್ತ, ಯಾರದು ಮೇಲೆ ಹೋಯಿತೆಂದು ಜಗಳಾಡುತ್ತಿದ್ದರು. ಹತ್ತಾರು ವರ್ಷ ಮಾಡಿದ ಕೆಲಸದಲ್ಲಿ ಅಷ್ಟು ಉತ್ಸಾಹದ ಪೇಷಂಟುಗಳು ನನಗೆ ಇನ್ನೆಲ್ಲೂ ಸಿಗಲಿಲ್ಲ.

ಹಿಡಿಕೆಗಳನ್ನು ಬಿಚ್ಚಿ ಕೊಟ್ಟಾಗ ಅತ್ತಿಗೆ ಅವುಗಳ ಹೊಳಪನ್ನು ನೋಡಿ ಹಿಗ್ಗಿದಳು, ಆಮೇಲೆ ತನ್ನ ಬಾಗಿಲುಗಳನ್ನು ತೋರಿಸಿದಳು. ಎರಡು ಹಲಗೆಯ ಹಳೆಯ ಕದ, ನಡುವೆ ಕಬ್ಬಿಣದ ಚಿಲಕ. ಹಿಡಿಕೆ ಕೂರಿಸಲು ಜಾಗವೇ ಇಲ್ಲ. ಕೊನೆಗೆ ಅವನ್ನು ಗೋಡೆಗೆ ಹೊಡೆಸಿದಳು, ಮೇಲಂಗಿ ನೇತುಹಾಕಲು.

ಅಡುಗೆಮನೆಯಲ್ಲಿ ಆಕೆ ಕೆಂಪುಜೋಳದ ಹಿಟ್ಟು ನಾದಿ, ಅಂಗೈಗಳ ನಡುವೆ ಹೊಸೆದು ಸಣ್ಣ ಮೀನಿನಾಕಾರದ ಶಾವಿಗೆ ಮಾಡುತ್ತಿದ್ದಳು. ಮೇಲೆ ವಿನೆಗರ್ ಎಂಬ ಕಪ್ಪು ಹುಳಿನೀರು, ಬೆಳ್ಳುಳ್ಳಿ, ನನಗಾಗಿ ಮಾಂಸವಿಲ್ಲದ ಟೊಮ್ಯಾಟೊ ಸಾರು. ನಾನೂ ಒಂದು ಮುದ್ದೆ ತೆಗೆದುಕೊಂಡು ರೊಟ್ಟಿ ತಟ್ಟಲು ಕೂತೆ. ಎರಡು ಒಡೆದವು. ಮೂರನೆಯದಕ್ಕೆ ಕುದಿಯುವ ನೀರು ಹಾಕಿ ನಾದಿದೆ, ಕೂಡಿಕೊಂಡಿತು. ತಟ್ಟುವ ಸದ್ದಿಗೆ ಆಕೆ ಕೆಲಸ ಬಿಟ್ಟು ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. ಬಾಗಿಲಲ್ಲಿ ನಿಂತ ಗೆಳತಿ ಮಾತ್ರ ಹಣೆ ಚಚ್ಚಿಕೊಂಡಳು.

"ಇಷ್ಟು ದೂರ ಬಂದು ಇಲ್ಲಿಯೂ ಜೋಳವಾ? ಒಂದು ಮುಷ್ಟಿ ಅನ್ನ ಸಿಗುದಿಲ್ವಾ ಮಾರಾಯ್ತಿ?"

ಉಣ್ಣುವಾಗ ಅತ್ತಿಗೆ ತನ್ನ ಬಲಗೈಯನ್ನು ಸ್ವಲ್ಪ ಎತ್ತಿ, ದುಬೈ ಎಂದಳು. ನಾದಿನಿಯ ಕೈ ಎಷ್ಟು ಏಳುತ್ತದೆ ಎಂಬ ಪ್ರಶ್ನೆ. ನಾನು ಅವಳ ಕೈ ಹಿಡಿದು ಮೆಲ್ಲಗೆ ಕಿವಿಯವರೆಗೆ ಎತ್ತಿ, ಇಷ್ಟು ಎಂದೆ. ಆಕೆ ಕೈಯನ್ನು ಅಲ್ಲೇ ಹಿಡಿದುಕೊಂಡು ಬಹಳ ಹೊತ್ತು ಇದ್ದಳು. ಆಮೇಲೆ ಅದನ್ನು ಇಳಿಸಿ, ನನ್ನ ಬಟ್ಟಲಿಗೆ ಇನ್ನೊಂದು ಸೌಟು ಶಾವಿಗೆ ಸುರಿದಳು. ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಸ್ಸು ಬರಲಿಲ್ಲ. ತೈಯುವಾನ್‌ನಿಂದ ರೈಲು ತಪ್ಪಿದರೆ ವಿಮಾನವೂ ತಪ್ಪುತ್ತಿತ್ತು. ಅಂಬಿಗ ಮುದುಕ ಮೆಟ್ಟಿಲಿಳಿದು ಹೋಗಿ, ರಸ್ತೆಗೆ ಅಡ್ಡ ನಿಂತು ಒಂದು ಕಲ್ಲಿದ್ದಲ ಲಾರಿ ನಿಲ್ಲಿಸಿದ. ಆ ಸೀಮೆಯಲ್ಲೆಲ್ಲ ಅವೇ ಲಾರಿಗಳು. ಡ್ರೈವರ್ ನಮ್ಮಿಬ್ಬರನ್ನೂ ತನ್ನ ಪಕ್ಕ ಕೂರಿಸಿಕೊಂಡ. ಕಿಟಕಿಗೆ ಗಾಜಿರಲಿಲ್ಲ. ಅವನು ಗಂಟಲು ಬಿಟ್ಟು ಹಾಡಿದ. ಮುಗಿದ ಮೇಲೆ ಈಗ ನೀವು ಎಂಬಂತೆ ನಮ್ಮ ಕಡೆ ಗದ್ದ ಎತ್ತಿದ. ಗೆಳತಿ ತುಳುವಿನಲ್ಲಿ ನಾಟಿಯ ಹಾಡು ಹಾಡಿದಳು. ನಾನು ಬೀಸುವ ಪದ ಹಾಡಿದೆ. ಹೀಗೆ ಸರತಿಯ ಮೇಲೆ ಹಾಡುತ್ತ ಪೇಟೆ ಮುಟ್ಟಿದೆವು. ಅಲ್ಲಿಂದ ಓಡುತ್ತ ಬಸ್ಸು ಹಿಡಿದು, ರೈಲು ನಿಲ್ದಾಣದ ಬಾಗಿಲಿಗೆ ಬಂದಾಗ ಇನ್ನೂ ಅರ್ಧ ಗಂಟೆ ಉಳಿದಿತ್ತು.

ಬಾಗಿಲಲ್ಲಿ ತಪಾಸಣೆಗೆ ಕೂತಿದ್ದ ಪೊಲೀಸ್ ಹೆಂಗಸು ಪಾಸ್‌ಪೋರ್ಟ್ ಬಿಚ್ಚಿ ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಗೆಳತಿಯದನ್ನೂ ಹಾಗೇ ನೋಡಿದಳು. ಏನೋ ತೊಂದರೆಯಾಯಿತು ಎಂದುಕೊಂಡು ನಾನು ಟಿಕೆಟನ್ನೂ ಮುಂದೆ ಚಾಚಿದೆ. ಆಕೆ ಮೇಜಿನ ಖಾನೆಯಿಂದ ಒಂದು ಸಣ್ಣ ಕನ್ನಡಿ ತೆಗೆದು ನಮ್ಮ ಮುಂದೆ ಹಿಡಿದಳು. ಕಣ್ಣು ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಲ್ಲಿದ್ದಲು.

"ಇದು ಯಾರಪ್ಪ?" ಎಂದಳು ಗೆಳತಿ.

ಪೊಲೀಸಿನಾಕೆಗೆ ಕನ್ನಡ ತಿಳಿಯಬೇಕೆಂದೇನೂ ಇರಲಿಲ್ಲ. ನಗುತ್ತ ಒದ್ದೆ ಕಾಗದದ ಪೊಟ್ಟಣ ಕೊಟ್ಟಳು. ನಾವು ಒಬ್ಬರ ಮುಖ ಒಬ್ಬರು ಉಜ್ಜಿಕೊಂಡೆವು. ಮೂಗು, ಕೆನ್ನೆ, ಹಣೆ ಒಂದೊಂದೇ ಹೊರಗೆ ಬಂದ ಹಾಗೆ ಆಕೆ ಫೋಟೋದ ಜೊತೆ ಹೋಲಿಸಿ ತಲೆಯಾಡಿಸಿದಳು. ಕೊನೆಗೆ ಎರಡೂ ಪಾಸ್‌ಪೋರ್ಟ್ ಮಡಚಿ ಕೈಗಿತ್ತು, ರೈಲು ಯಾವ ಕಡೆ ಎಂದು ಬೆರಳು ತೋರಿಸಿದಳು. ಈ ಸಲ ನಮಗೆ ಮಲಗುವ ಜಾಗ ಸಿಕ್ಕಿತ್ತು. ಗೆಳತಿ ಮೇಲಿನ ಹಲಗೆ ಹತ್ತಿ, ಚೀಲ ಬಿಚ್ಚುವ ಮೊದಲೇ ನಿದ್ದೆಹೋದಳು.