ಪಕ್ಕದ ಸೀಟು ಖಾಲಿ ಇದ್ದ ದಿನ

ಕಾರು ಕಲಿಯುತ್ತಿರುವವರನ್ನು ಒಬ್ಬರೇ ಓಡಿಸಲು ಬಿಡಬೇಕೇ ಬೇಡವೇ ಎಂದು ಯಾರಾದರೂ ಚರ್ಚೆ ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಬಿಡಬಾರದು ಎನ್ನುವವರಿಗೆ ಹೌದೆನ್ನಲು ನನಗೆ ಮುಖವಿಲ್ಲ. ಬಿಡಬೇಕು ಎನ್ನುವವರ ಮಾತು ಕೇಳಿದರೆ ಮೈ ಉರಿಯುತ್ತದೆ. ನಾನು ಒಮ್ಮೆ ಒಬ್ಬಳೇ ಓಡಿಸಿದ್ದೇನೆ. ದೋಹಾದಲ್ಲಿ, ಲೈಸೆನ್ಸ್ ಇಲ್ಲದೆ, ಉಸಿರಿಗೆ ಒದ್ದಾಡುತ್ತಿದ್ದ ಐದು ವರ್ಷದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ನಾವು ಅಲ್ ಮುಂತಜಾದ ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿದ್ದೆವು. ನನ್ನ ಮನೆಮಾತು ಕೊಂಕಣಿ, ಗಂಡನದು ತುಳು, ನಮ್ಮಿಬ್ಬರ ನಡುವೆ ಉಡುಪಿ ಕಡೆಯ ಕನ್ನಡ. ಮಗಳಿಗೆ ಮೂರೂ ಅರ್ಧಂಬರ್ಧ, ಇಂಗ್ಲಿಷ್ ಒಂದೇ ಪೂರ್ತಿ. ಇವರಿಗೆ ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು ಹತ್ತಿದರೆ ಮರಳುವುದು ಸಂಜೆಗೇ. ಪ್ಲಾಂಟಿನ ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನ ಲಾಕರಿನಲ್ಲಿ ಇಟ್ಟು ಹೋಗಬೇಕು. ನಮ್ಮ ಹಳೆಯ ಬಿಳಿ ಕಾರು ಮಾತ್ರ ದಿನವಿಡೀ ಕಟ್ಟಡದ ಕೆಳಗೆ ಬಿಸಿಲು ಕಾಯುತ್ತಾ ನಿಂತಿರುತ್ತಿತ್ತು.

"ನೀನೊಂದು ಲೈಸೆನ್ಸ್ ಮಾಡಿಕೊ ಮಾರಾಯ್ತಿ. ಕಾರು ಎಂತಕ್ಕೆ ಹೀಗೆ ಒಣಗುದು?" ಎಂದು ಇವರೇ ಶುರು ಮಾಡಿದ್ದು. ಹೆಂಡತಿ ಕಾರು ಕಲಿಯಲು ತನ್ನ ಅಡ್ಡಿಯಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿಕೊಟ್ಟು ನನ್ನನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದರು. ಅಲ್ಲಿ ಕಲಿಯುವುದೆಂದರೆ ಸ್ಕೂಲಿನ ಕಾರಿನಲ್ಲಿ, ಸ್ಕೂಲಿನ ಮೇಷ್ಟ್ರ ಜೊತೆಯಲ್ಲೇ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಂತ ಕಾರಿನಲ್ಲಿ ರೂಢಿ ಮಾಡುತ್ತೇನೆ ಎಂದರೆ ಅದೂ ತಪ್ಪೇ.

ನನಗೆ ಸಿಕ್ಕ ಮೇಷ್ಟ್ರು ಅರವತ್ತರ ಹತ್ತಿರದ ಮಲಯಾಳಿ. ಎಲ್ಲರೂ ಅವರನ್ನು ಮಾಷ್ ಎನ್ನುತ್ತಿದ್ದರು. ಬೈಯುವುದೇ ಗೊತ್ತಿಲ್ಲದ ಮನುಷ್ಯ. "ಮುಂದೆ ನೋಡಿ ಮೇಡಂ, ಮುಂದೆ ಮಾತ್ರ ನೋಡಿ. ಗುಡ್, ಗುಡ್" ಎನ್ನುತ್ತಾ ಕೂತಿರುತ್ತಿದ್ದರು. ಅವರ ಕಾಲಿನ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುವುದು ನನಗೆ ಗೊತ್ತಿತ್ತು. ಅದು ಅಪಾಯಕ್ಕೆಂದು ಇಟ್ಟದ್ದು, ನನ್ನಂಥವಳಿಗೆ ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ರೌಂಡ್‌ಅಬೌಟ್ ಎಂಬ ಸಿಗ್ನಲ್ಲಿಲ್ಲದ ಸರ್ಕಲ್ ಬಂದರೆ ಕಾರು ತಾನಾಗಿ ಮೆತ್ತಗಾಗುತ್ತಿತ್ತು, ಸಂದು ಸಿಕ್ಕಿದಾಗ ಮೆಲ್ಲನೆ ನುಗ್ಗುತ್ತಿತ್ತು. ಆಹಾ, ಕೈ ಪಳಗಿತು ಎಂದು ನಾನು ಮನೆಗೆ ಬಂದು ಕೊಚ್ಚಿಕೊಳ್ಳುತ್ತಿದ್ದೆ.

ಟೆಸ್ಟಿನಲ್ಲಿ ಮಾತ್ರ ಎರಡು ಸಲ ಫೇಲು. ಎರಡೂ ಸಲ ರೌಂಡ್‌ಅಬೌಟಿನ ಬಾಯಲ್ಲೇ ಪೊಲೀಸ್ ಅಧಿಕಾರಿ "ಖಲಾಸ್" ಎಂದು ಕಾರು ನಿಲ್ಲಿಸಿ ಇಳಿಸಿಬಿಟ್ಟ. ಅವನಿಗೆ ಹೆಂಗಸರನ್ನು ಕಂಡರಾಗದು, ಇಂಡಿಯಾದವರನ್ನು ಕಂಡರೆ ಮೊದಲೇ ಆಗದು ಎಂದು ನಾನು ಊರಿಗೆ ಫೋನು ಮಾಡಿಯೂ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನಕ್ಕರು. "ನಿನಗೆ ಕಾರು ಬಿಡ್ಲಿಕ್ಕೆ ಬರ್ತದೆ. ಆ ಕಾಗದ ಒಂದು ಸಿಗ್ಬೇಕು ಅಷ್ಟೆ" ಎಂದರು. ಅದನ್ನು ನಾನು ನಂಬಿದೆ.

ಅದಾಗಿ ಹತ್ತು ದಿನವಾಗಿರಬಹುದು. ಹಿಂದಿನ ದಿನ ಧೂಳಿನ ಗಾಳಿ ಬೀಸಿತ್ತು. ಬೆಳಿಗ್ಗೆ ಏಳಕ್ಕೆ ಮಗಳು ಎದ್ದಾಗಲೇ ಎದೆಯಲ್ಲಿ ಸುಂಯ್‌ಗುಡುವ ಸದ್ದು. ಉಬ್ಬಸ ಅವಳಿಗೆ ಹೊಸತಲ್ಲ, ಇನ್‌ಹೇಲರ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಇಳಿಯುತ್ತಿತ್ತು. ಅವತ್ತು ಇಳಿಯಲಿಲ್ಲ. ಇವರ ಮೊಬೈಲಿಗೆ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಆಫೀಸಿಗೆ ಮಾಡಿದರೆ ಸೈಟಿಗೆ ಹೋಗಿದ್ದಾರೆ, ಹೇಳುತ್ತೇವೆ ಎಂದರು. ಟ್ಯಾಕ್ಸಿಗೆ ಮಾಡಿದರೆ ಒಂದು ಗಂಟೆ ಕಾಯಿರಿ ಎಂದರು. ಒಂದು ಗಂಟೆ ಕಾದು ಮತ್ತೆ ಮಾಡಿದರೆ ಇನ್ನೊಂದು ಗಂಟೆ. ಎದುರು ಮನೆಯ ನರ್ಸ್ ಡ್ಯೂಟಿಗೆ ಹೋಗಿದ್ದಳು. ಮಗಳ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. "ಅಮ್ಮ, ಬ್ರೆತ್ ಬರುದಿಲ್ಲ" ಎಂದಳು. ಆಮೇಲೆ ಅಷ್ಟು ಹೇಳಲೂ ಆಗದೆ ನನ್ನ ಮುಖವನ್ನೇ ನೋಡುತ್ತಾ ಕೂತಳು. ನನಗೆ ದಿಕ್ಕೇ ತೋಚಲಿಲ್ಲ.

ಆಂಬುಲೆನ್ಸ್ ಕರೆಯಬಹುದಿತ್ತಲ್ಲ ಎಂದು ಓದುವವರು ಇಷ್ಟರಲ್ಲೇ ಕೇಳಿರುತ್ತೀರಿ. ಕರೆಯಬಹುದಿತ್ತು. ಕರೆದರೆ ಕೆಲವೇ ನಿಮಿಷದಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಆದರೆ ನಮ್ಮ ಕಡೆ ಕಾಯಿಲೆಯವರು ಆಸ್ಪತ್ರೆಗೆ ಹೋಗುವುದು ಬಾಡಿಗೆ ಕಾರಿನಲ್ಲಿ, ರಿಕ್ಷಾದಲ್ಲಿ, ಪಕ್ಕದ ಮನೆಯವರ ಜೀಪಿನಲ್ಲಿ. ಆಂಬುಲೆನ್ಸ್ ಮನೆಯಂಗಳಕ್ಕೆ ಬಂತೆಂದರೆ ಹೆಣ ಬಂತೆಂದೇ ಲೆಕ್ಕ. ನನ್ನ ಅಪ್ಪ ಮಂಗಳೂರಿನ ಆಸ್ಪತ್ರೆಗೆ ಹೋದದ್ದು ಬಾಡಿಗೆ ಕಾರಿನಲ್ಲಿ, ಎಲೆ ಅಡಿಕೆ ಜಗಿಯುತ್ತಾ. ಮರಳಿದ್ದು ಆಂಬುಲೆನ್ಸಿನಲ್ಲಿ. ಬದುಕಿರುವ ಮಗುವಿಗೆ ಆ ಗಾಡಿಯನ್ನು ಕರೆಯಬೇಕೆಂಬುದು ನನ್ನ ತಲೆಗೆ ಬರಲೇ ಇಲ್ಲ. ಬೇಡ ಎಂದು ತಳ್ಳಿಹಾಕಿದ್ದೂ ಅಲ್ಲ, ಬರಲೇ ಇಲ್ಲ. ತಲೆಗೆ ಬಂದದ್ದು ಕಾರಿನ ಕೀ.

ಮಗಳನ್ನು ಎತ್ತಿಕೊಂಡು ಇಳಿದೆ. ಕಾರಿನೊಳಗೆ ಒಲೆಯ ಬಾಯಿಯ ಕಾವು. ಅವಳನ್ನು ಹಿಂದೆ ಕೂರಿಸಿ ಬೆಲ್ಟು ಹಾಕಿ, ಏಸುವೇ ಎಂದು ಶಿಲುಬೆ ಗುರುತು ಮಾಡಿಕೊಂಡು ಹೊರಟೆ. ಗಲ್ಲಿಯ ತುದಿಯವರೆಗೆ ಸರಿಯಾಗಿಯೇ ಹೋಯಿತು. ದೊಡ್ಡ ರಸ್ತೆಗೂ ಬಂದೆ. ಪರವಾಗಿಲ್ಲ, ಬಿಡಲಿಕ್ಕೆ ಬರುತ್ತದೆ ಎಂದು ಅನಿಸಿತು ಕೂಡ. ಎದುರಿಗೆ ರೌಂಡ್‌ಅಬೌಟ್ ಕಾಣಿಸಿತು. ಕಾರು ಈಗ ಮೆತ್ತಗಾಗುತ್ತದೆ ಎಂದು ಕಾದೆ.

ಆಗಲಿಲ್ಲ. ಅದೇ ವೇಗದಲ್ಲಿ ಹೋಗುತ್ತಲೇ ಇತ್ತು. ಆ ಕ್ಷಣದಲ್ಲಿ ನನಗೆ ಅರ್ಥವಾಯಿತು: ಇಷ್ಟು ದಿನ ಬ್ರೇಕ್ ಒತ್ತಿದ್ದು ಮಾಷ್ ಅವರ ಕಾಲು. ಕ್ಲಚ್ ಹಿಡಿದದ್ದೂ, ಸಂದು ನೋಡಿ ಬಿಟ್ಟದ್ದೂ ಅವರೇ. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ ಅಷ್ಟೆ. ಹೆಂಗಸರು ಹೆದರಿ ಅತ್ತುಬಿಡುತ್ತಾರೆಂದು ಪಾಪ ಆ ಮನುಷ್ಯ ಕರುಣೆಯಿಂದ ಮಾಡಿದ್ದು. ಆ ಕರುಣೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಟೆಸ್ಟಿನ ಪೊಲೀಸ್ ಅಧಿಕಾರಿ ಮಾಡಿದ್ದು ಇಷ್ಟೇ, ಕೊನೆಯ ಗಳಿಗೆಯವರೆಗೆ ಪೆಡಲಿಗೆ ಕಾಲು ಇಡದೆ ಕೂತದ್ದು.

ಎರಡೂ ಕಾಲಿನಿಂದ ಬ್ರೇಕ್ ತುಳಿದೆ. ಕಾರು ಜಗ್ಗಿ ನಿಂತಿತು, ಮೂತಿ ಮಾತ್ರ ರೌಂಡ್‌ಅಬೌಟಿನ ಒಳಗೆ. ಎಂಜಿನ್ ಆಫ್. ಎಡಗಡೆಯಿಂದ ಬರುತ್ತಿದ್ದ ಗಾಡಿಗಳು ಹಾರ್ನ್ ಹೊಡೆಯುತ್ತಾ ನನ್ನ ಮೂತಿ ಸುತ್ತಿಕೊಂಡು ಹೋದವು. ಸ್ಟಾರ್ಟ್ ಮಾಡಿದೆ, ಎಗರಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು. ಹಿಂದೆ ಸಾಲುಗಟ್ಟಿದವರ ಹಾರ್ನಿಗೆ ಕಿವಿ ತೂತಾಗುತ್ತಿತ್ತು. ಮುಂದೆ ಹೋಗಲು ಬರದು, ಹಿಂದೆ ಹೋಗಲು ಜಾಗವಿಲ್ಲ. ಮಗುವನ್ನು ಎತ್ತಿಕೊಂಡು ಓಡೋಣವೆಂದರೆ ಎರಡೂ ಬದಿ ಗಾಡಿಗಳು ನುಗ್ಗುತ್ತಿದ್ದವು. ಹಿಂತಿರುಗಿ ನೋಡಿದೆ. ಅವಳ ತುಟಿಯ ಬಣ್ಣ ಬದಲಾಗಿತ್ತು. ಸ್ಟೀರಿಂಗ್ ಬಿಟ್ಟು ಅಳುತ್ತಾ ಕೂತೆ. ಅಮ್ಮ ಅಂದರೆ ಏನಾದರೂ ಮಾಡುತ್ತಾಳೆ ಎನ್ನುತ್ತಾರೆ. ನಾನು ಏನೂ ಮಾಡಲಿಲ್ಲ.

ಟ್ರಾಫಿಕ್ ಪೊಲೀಸಿನವನೊಬ್ಬ ಬಂದು ಕಿಟಕಿ ತಟ್ಟಿದ. "ಲೈಸೆನ್ಸ್, ಮದಾಮ್?"

"ಮಾಫಿ ಲೈಸೆನ್ಸ್ ಸರ್. ಬೇಬಿ ಸಿಕ್, ಬೇಬಿ ಸಿಕ್" ಎಂದೆ. ಮಾಫಿ ಎಂದರೆ ಅಲ್ಲಿಯ ಮಾತಿನಲ್ಲಿ ಇಲ್ಲ ಎಂದು.

ಅವನು ಬಗ್ಗಿ ಹಿಂದೆ ನೋಡಿದ. ಮುಖದ ಗಂಟು ಬಿಚ್ಚಿಹೋಯಿತು. ಹೆಗಲ ಮೇಲಿನ ವೈರ್‌ಲೆಸ್ಸಿನಲ್ಲಿ ಅರಬಿಯಲ್ಲಿ ಏನೋ ಕೂಗಿದ, ಆ ಕಡೆಯವರಿಗೆ ಯಲ್ಲಾ ಯಲ್ಲಾ, ಬೇಗ ಬೇಗ ಎಂದ. ಮಗಳನ್ನು ಹೊರಗೆತ್ತಿ ತನ್ನ ಗಾಡಿಯ ಎಸಿಯೊಳಗೆ ಕೂರಿಸಿದ, ನನ್ನನ್ನೂ ಪಕ್ಕಕ್ಕೆ ಹತ್ತಿಸಿದ. ಸ್ವಲ್ಪ ಹೊತ್ತಿನಲ್ಲೇ ಸೈರನ್ ಕೇಳಿಸಿತು. ಆಂಬುಲೆನ್ಸ್ ಕಂಡದ್ದೇ ನಾನು ಮಗಳನ್ನು ಅವಚಿಕೊಂಡು "ಬೇಡ, ಅದರಲ್ಲಿ ಬೇಡ!" ಎಂದು ಕನ್ನಡದಲ್ಲೇ ಕಿರುಚಿದೆ. ಅವರಿಗೆ ಏನು ತಿಳಿಯಬೇಕು? ಒಬ್ಬ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವಳನ್ನು ಎತ್ತಿಕೊಂಡ. ಒಳಗೆ ಹತ್ತಿಸಿದ ಕೂಡಲೇ ಮೂಗಿಗೆ ಮಾಸ್ಕ್ ಹಾಕಿದರು. ಆಸ್ಪತ್ರೆಗೆ ಮುಟ್ಟುವ ಮೊದಲೇ ತುಟಿಯ ಬಣ್ಣ ಅರ್ಧ ಮರಳಿತ್ತು.

ಮಕ್ಕಳ ತುರ್ತು ವಿಭಾಗದ ಸುಡಾನಿ ಡಾಕ್ಟರಮ್ಮ ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಕೇಳಿದಳು. ಬೆಳಿಗ್ಗೆ ಏಳರಿಂದ ಎಂದೆ. ಅವಳು ಗಡಿಯಾರ ನೋಡಿದಳು, ಹತ್ತೂವರೆ. ಇಷ್ಟು ಹೊತ್ತು ಯಾಕೆ ಕಾದಿರಿ ಎಂದು ಕೇಳಿದಳು. ಅಪ್ಪನ ಕತೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಟ್ಯಾಕ್ಸಿ ಬರಲಿಲ್ಲ ಎಂದು ಮಾತ್ರ ಹೇಳಿದೆ.

ಕಾರು ಪೊಲೀಸರ ವಶವಾಗಿತ್ತು. ಅದು ಇವರ ಹೆಸರಿನಲ್ಲಿ, ನನ್ನ ವೀಸಾ ಕೂಡ ಇವರ ಹೆಸರಿನಲ್ಲಿ. ಹಾಗಾಗಿ ಮರುದಿನ ಠಾಣೆಯಲ್ಲಿ ಕೈಕಟ್ಟಿ ನಿಂತು, ಓದಲಾಗದ ಅರಬಿ ಕಾಗದಕ್ಕೆ ಸಹಿ ಹಾಕಿದವರೂ ಇವರೇ. ನನ್ನ ಕಲಿಕೆಯ ಕಾಗದವನ್ನು ಅಲ್ಲೇ ಇಟ್ಟುಕೊಂಡರು. ನಾನು ಮತ್ತೆ ಕೇಳಲು ಹೋಗಲಿಲ್ಲ.

ಆ ದಿನ ಇವರು ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಕಂಪನಿಯ ಗಾಡಿಯಲ್ಲಿ ಬಂದಿದ್ದರು, ಸೇಫ್ಟಿ ಶೂ ಕೂಡ ಬಿಚ್ಚಿರಲಿಲ್ಲ. ಮಗಳು ನಿದ್ದೆಹೋಗಿದ್ದಳು. ಬೈಯಲಿ ಎಂದು ಕಾದೆ. ಬೈದರೆ ಮುಗಿಯುತ್ತದಲ್ಲ. ಇವರು ಬೈಯಲಿಲ್ಲ. ಮಂಚದ ಆ ಬದಿ ಕೂತು ಅವಳ ಪಾದ ಹಿಡಿದುಕೊಂಡರು. ನಾನೇ ಎಲ್ಲವನ್ನೂ ಒಪ್ಪಿಸಿದೆ, ಮಾಷ್ ಅವರ ಕಾಲು, ರೌಂಡ್‌ಅಬೌಟ್, ಆಂಬುಲೆನ್ಸಿಗೆ ಬೇಡ ಎಂದು ಕಿರುಚಿದ್ದು.

"ನೀವು ಮನೆಯಲ್ಲಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಎಂದೆ.

ಇವರು ತಲೆ ಎತ್ತದೆ ಹೇಳಿದರು: "ನಾನಿದ್ರೂ ಕಾರಲ್ಲೇ ತರ್ತಿದ್ದೆ ಮಾರಾಯ್ತಿ. ದಾರಿಯಲ್ಲಿ ಏನಾಗ್ತಿತ್ತೋ. ಆಂಬುಲೆನ್ಸ್ ಕರೀಬೇಕು ಅಂತ ನನಗೂ ಹೊಳೀತಿರ್ಲಿಲ್ಲ."

ನನ್ನ ತಪ್ಪನ್ನು ಅರ್ಧ ಹಂಚಿಕೊಳ್ಳಲೆಂದು ಹೇಳಿದ ಮಾತು ಅದು, ನನಗೆ ಸಮಾಧಾನವಾಗಬೇಕಿತ್ತು. ಆದರೆ ಆ ದಿನವಿಡೀ ಆಗದಷ್ಟು ಹೆದರಿಕೆ ಆಗಲೇ ಆದದ್ದು. ಅಲ್ಲಿಯವರೆಗೆ ಆರು ವರ್ಷ ಆ ಊರಿನಲ್ಲಿ ನಾನು ಬದುಕಿದ್ದು ಒಂದೇ ಧೈರ್ಯದ ಮೇಲೆ: ನನಗೆ ಏನೂ ಗೊತ್ತಿಲ್ಲದಿದ್ದರೂ ಇವರಿಗೆ ಗೊತ್ತಿದೆ.