ದೇವರ ದೀಪದ ಮಗ್ಗುಲಲ್ಲಿದ್ದ ಸೀಸೆ

“ಸೂಜಿ ಚುಚ್ಕೊಳಾಕತ್ತಿ ತಿಂಗಳಾತು ತಂಗಿ, ಸಕ್ಕರಿ ಕಾಯಿಲೆ ಇಳಿವಲ್ದು. ಸೊಸಿ ಸುವರ್ಣಾ ನನ್ನ ಚಾದಾಗ ಕದ್ದು ಸಕ್ಕರಿ ಹಾಕ್ತಾಳ. ನಾ ಬಚ್ಚಲಕ್ಕ ಹೋದಾಗೆಲ್ಲ ಡಬ್ಬಿ ಸಪ್ಪಳ ಕೇಳ್ತದ!” ಕುರಕುಂಟಾ ಊರಿನ ಕಾಶಮ್ಮ, ಮನೆಗೆ ಬಂದ ನರ್ಸ್ ಮುಸರತಳ ಕಿವಿಯಲ್ಲಿ ಹೇಳಿದಳು.

“ಇನ್ಸುಲಿನ್ ಎಲ್ಲಿಟ್ಟೀರಿ ಆಯಿ?”

“ಸೊಸಿ ಕೈಗೆ ಸಿಗಬಾರದಂತ ದೇವರ ಜಗಲಿ ಮ್ಯಾಲ, ದೀಪದ ಮಗ್ಗುಲ.”

ಮುಸರತ ಸೀಸೆ ಮುಟ್ಟಿದಳು, ಬಿಸಿಯಾಗಿತ್ತು. “ದೀಪದ ಕಾವಿಗೆ ಔಷಧ ಕೆಟ್ಟದ್ರಿ, ಅದಕ್ಕ ಸಕ್ಕರಿ ಇಳಿವಲ್ದು. ಹೊಸಾದು ಕೊಡ್ತೀನಿ. ಒಣಾ ಗಡಿಗ್ಯಾಗಿಟ್ಟು, ಹೊರಗ ನೀರಾಗ ಅದ್ದಿದ ಅರಿವಿ ಸುತ್ರಿ, ತಂಪಿರ್ತದ.”

“ಹಂಗಾರ ಆ ಡಬ್ಬಿ ಸಪ್ಪಳ?” ಕಾಶಮ್ಮ ಬಿಡದೆ ದನಿ ಏರಿಸಿದಳು.

“ನನ್ನ ಚಾದಾಗ ಸಕ್ಕರಿ ಹಾಕ್ಕೊಳ್ಳೂ ಸಪ್ಪಳರೀ ಅತ್ತಿ,” ಒಳಗಿಂದ ಸುವರ್ಣಾ ಅಂದಳು. “ನಿಮ್ಮ ಮುಂದ ಹಾಕ್ಕೊಂಡ್ರ ನಿಮಗ ಆಸಿ ಆಗ್ತದಂತ.”

ಕಾಶಮ್ಮ ಒಳಗೆ ಹೋಗಿ ಸೊಸೆಯ ಚಹಾ ಲೋಟದಲ್ಲಿ ಬೆರಳದ್ದಿ ನೆಕ್ಕಿದಳು. ಸಿಹಿಯೇ ಇತ್ತು. ಗಡಿಗೆ ತೊಳೆಯಲು ಕುಳಿತಳು.